ಸೆಲ್ಲೊ ಬರೀ ತಗ್ಗು ದನಿಯ ವಾದ್ಯವಲ್ಲ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ತಂತಿವಾದ್ಯಗಳ ಬಗ್ಗೆ ಬಂದ ಪುಟ ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ವಯಲಿನ್ ಜಾತಿಯ, ಕೂತು ಕಮಾನಿನಿಂದ ನುಡಿಸುವ ದೊಡ್ಡ ವಾದ್ಯವಾದ ಸೆಲ್ಲೊವನ್ನು ‘ಅತ್ಯಂತ ತಗ್ಗು ದನಿಯ ತಂತಿವಾದ್ಯ’ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ಆ ಜಾಗ ಅದಕ್ಕಿಂತ ದೊಡ್ಡದಾದ ಡಬಲ್ ಬಾಸ್‌ನದ್ದು. ಅದರ ದಪ್ಪ ತಂತಿ ಸುಮಾರು 41 ಹರ್ಟ್ಜ್‌ಗೆ ಇಳಿಯುತ್ತದೆ, ಸೆಲ್ಲೊದ್ದು 65ಕ್ಕೇ ನಿಲ್ಲುತ್ತದೆ. (ಹರ್ಟ್ಜ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಅಂಕಿ ಇಳಿದಷ್ಟೂ ದನಿ ತಗ್ಗು.) ಗಾಳಿವಾದ್ಯವಾದ ಬಸೂನ್ ಕೂಡ ಸೆಲ್ಲೊಗಿಂತ ಒಂದು ಸ್ವರ ಕೆಳಗೆ ಹೋಗುತ್ತದೆ. ಪಿಯಾನೊ ಮಾತಂತೂ ಬಿಡಿ, ಅದರ ಎಡತುದಿಯ ಕೀ 27.5 ಹರ್ಟ್ಜ್.

ಇರಲಿ, ನನ್ನ ತಕರಾರು ಅಂಕಿಯದ್ದಲ್ಲ. ವಾದ್ಯವನ್ನು ಅದರ ತಳದ ಸ್ವರ ನೋಡಿ ಅಳೆಯುವುದೇ ಸರಿಯಿಲ್ಲ. ಸೆಲ್ಲೊದ ಸೊಗಸು ಇರುವುದು ಅದರ ಹರವಿನಲ್ಲಿ. 65 ಹರ್ಟ್ಜ್‌ನಿಂದ ಹೊರಟು ನಾಲ್ಕು ಸ್ಥಾಯಿ ದಾಟಿ 1046ರವರೆಗೆ, ಪಳಗಿದ ಕೈಯಾದರೆ ಇನ್ನೂ ಮೇಲಕ್ಕೆ, ಅದು ಹೋಗುತ್ತದೆ. ಪಾಶ್ಚಾತ್ಯ ಗಾಯನದಲ್ಲಿ ಬಾಸ್ ಗಾಯಕರ (ಅತಿ ತಗ್ಗು ದನಿಯ ಗಂಡಸರ) ತಗ್ಗು ಸ್ವರ ಸಾಮಾನ್ಯವಾಗಿ 82ರ ಆಸುಪಾಸು, ಸೊಪ್ರಾನೊಗಳ (ಅತಿ ಎತ್ತರದ ದನಿಯ ಗಾಯಕಿಯರ) ಹೆಸರುವಾಸಿ ಮೇಲಿನ ಸ್ವರ ಅದೇ 1046. ಅಂದರೆ ಗಂಡು-ಹೆಣ್ಣು ಎಲ್ಲರೂ ಸೇರಿ ಹಾಡುವ ಹರವನ್ನು ಇದೊಂದೇ ವಾದ್ಯ ನುಡಿಸುತ್ತದೆ. ಸೆಲ್ಲೊ ಮನುಷ್ಯರ ದನಿಗೆ ಹತ್ತಿರ ಅನ್ನುವವರು ಇದನ್ನೇ ಕಾರಣ ಕೊಡುತ್ತಾರೆ. ನನಗೆ ಅದು ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ಗಿಟಾರ್ ಕೂಡ 82ರಿಂದಲೇ ಶುರುವಾಗುತ್ತದೆ, ಅದನ್ನು ಯಾರೂ ಹಾಗೆ ಹೊಗಳುವುದಿಲ್ಲ ಅಲ್ವಾ? ಕಮಾನು ಎಳೆದಷ್ಟು ಹೊತ್ತು ಸ್ವರ ನಿಲ್ಲುತ್ತದಲ್ಲ, ಅದರ ಪಾಲೂ ಇದೆ.

ವಯಲಿನ್ ಜೊತೆ ಇಟ್ಟು ನೋಡಿದರೆ ಇನ್ನೂ ಮಜಾ. ವಯಲಿನ್‌ನ ಅತಿ ತಗ್ಗು ತಂತಿ 196 ಹರ್ಟ್ಜ್, ಸೆಲ್ಲೊದ ಅತಿ ತೆಳು ತಂತಿ 220. ಒಂದು ಮುಗಿಯುವ ಹತ್ತಿರ ಇನ್ನೊಂದು ಶುರು ಅಂದುಕೊಳ್ಳಬೇಡಿ, ಸೆಲ್ಲೊ ಆ ತೆಳು ತಂತಿಯ ಮೇಲೇ ಇನ್ನೂ ಎರಡು ಸ್ಥಾಯಿಗೂ ಜಾಸ್ತಿ ಹತ್ತುತ್ತದೆ. ವಯಲಿನ್‌ಗಿಂತ ತುಸು ದೊಡ್ಡದಾದ ವಿಯೋಲಾ ಮಾತ್ರ ಸೆಲ್ಲೊಗಿಂತ ಸರಿಯಾಗಿ ಒಂದು ಸ್ಥಾಯಿ ಮೇಲೆ, ತಂತಿಗಳ ಹೆಸರೂ ಅವೇ. ಇನ್ನೊಂದು ವಿಷಯ: ಸೆಲ್ಲೊದ ತಳ ವಯಲಿನ್ ತಳದ ಮೂರನೇ ಒಂದು ಪಾಲು. ಬರೀ ಉದ್ದದಿಂದ ಅಷ್ಟು ಇಳಿಸಬೇಕೆಂದರೆ 33 ಸೆಂಟಿಮೀಟರ್ ತಂತಿ ಹೆಚ್ಚುಕಡಿಮೆ ಒಂದು ಮೀಟರ್ ಆಗಬೇಕು, ಅದನ್ನು ನುಡಿಸಲು ಬೆರಳು ಎಟುಕಬೇಡವೇ! ಅದಕ್ಕೇ 70 ಸೆಂಟಿಮೀಟರ್ ಆಸುಪಾಸಿಗೆ ನಿಲ್ಲಿಸಿ, ಉಳಿದದ್ದನ್ನು ಲೋಹದ ಎಳೆ ಸುತ್ತಿದ ದಪ್ಪ ತಂತಿಯಿಂದ ಸಾಧಿಸಿದ್ದಾರೆ. ಮೇಲಿನ ಸ್ವರಗಳಿಗೆ ಹೋದಾಗ ಎಡಗೈ ಹೆಬ್ಬೆರಳು ಹಿಂದಿನಿಂದ ಎದ್ದು ಬಂದು ತಂತಿಯ ಮೇಲೇ ಕೂರುತ್ತದೆ.

ವಾದ್ಯಗಳ ಹರವನ್ನು ಪಟ್ಟಿ ಮಾಡುವಾಗ ಇನ್ನೊಂದು ತೊಡಕಿದೆ. ಪಿಯಾನೊಗೆ 88 ಕೀಗಳು, ಎರಡೂ ತುದಿ ಗಟ್ಟಿ. ಸೆಲ್ಲೊದ ಮೇಲಿನ ತುದಿಗೆ ಅಂಥ ಗೋಡೆ ಇಲ್ಲ, ನುಡಿಸುವವರ ಮೇಲೆ ನಿಂತಿದೆ. ತಳವೂ ಕೆಲವೊಮ್ಮೆ ಜಾರುತ್ತದೆ: ಹಂಗೇರಿಯ ಕೊಡಾಯ್ 1915ರಲ್ಲಿ ರಚಿಸಿದ ಒಂಟಿ ಸೆಲ್ಲೊ ಸೊನಾಟಾಗೆ ಕೆಳಗಿನ ಎರಡು ತಂತಿಗಳನ್ನು ಅರ್ಧ ಸ್ವರ ಇಳಿಸಿಕೊಳ್ಳಬೇಕು.

ಹಾಗಾಗಿ ಮುಂದಿನ ಸಲ ಇಂಥ ಪುಟ ಮಾಡುವಾಗ ಒಂದೊಂದು ವಾದ್ಯಕ್ಕೂ ತಳದಿಂದ ತುದಿಗೆ ಒಂದು ಗೆರೆ ಎಳೆದು ತೋರಿಸಿ. ಸೆಲ್ಲೊದ ಗೆರೆಯ ಮೇಲಿನ ತುದಿಯನ್ನು ಮಾತ್ರ ಚುಕ್ಕೆ ಚುಕ್ಕೆಯಾಗಿ ಬಿಡಿ.

– ಒಬ್ಬ ಓದುಗ