ನನ್ನ ತಕ್ಕಡಿಗೆ ಸೀಲು ಬೇಕು, ರಾಡಾರಿಗೆ ಬೇಡವಾ?

ಸಂಪಾದಕರಿಗೆ ನಮಸ್ಕಾರ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಒಂದು ಸಣ್ಣ ಜೀನಸಂಗಡಿ ಇಟ್ಟುಕೊಂಡವ. ಅಕ್ಕಿ, ಬೆಲ್ಲ, ಮೆಣಸು, ಸೀಸನಿನಲ್ಲಿ ಸ್ವಲ್ಪ ಅಡಿಕೆನೂ ತಕೊಳ್ತೇನೆ. ಅಂಗಡಿಯಲ್ಲಿ ಒಂದು ಎಲೆಕ್ಟ್ರಾನಿಕ್ ತಕ್ಕಡಿ ಉಂಟು. ಅದಕ್ಕೆ ವರ್ಷಕ್ಕೊಮ್ಮೆ ಸೀಲು ಹಾಕಿಸ್ಲೇಬೇಕು, ಲೀಗಲ್ ಮೆಟ್ರಾಲಜಿಯವರು, ಅಂದ್ರೆ ತೂಕ ಅಳತೆ ಇಲಾಖೆಯವರು, ಕ್ಯಾಂಪ್ ಇಟ್ಟಾಗ ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿ, ತಕ್ಕಡಿಯನ್ನು ಗೋಣಿಯಲ್ಲಿ ಸುತ್ತಿ ಸ್ಕೂಟರಿನ ಕಾಲ ಹತ್ರ ಇಟ್ಟು ತಕೊಂಡು ಹೋಗೋದು, ಅಲ್ಲಿ ಲೈನಿನಲ್ಲಿ ನಿಲ್ಲೋದು, ಅವರು ತಮ್ಮ ತೂಕದ ಬಟ್ಟು ಒಂದೊಂದಾಗಿ ಇಟ್ಟು ನೋಡಿ, ಸರಿ ಇದ್ರೆ ತಂತಿ ಹಾಕಿ ಸೀಸದ ಸೀಲು ಒತ್ತಿ ಸರ್ಟಿಫಿಕೇಟ್ ಕೊಡೋದು. ಆ ಸರ್ಟಿಫಿಕೇಟನ್ನು ಗಿರಾಕಿಗೆ ಕಾಣುವ ಹಾಗೆ ತೂಗು ಹಾಕ್ಬೇಕು ಅಂತ ಕಾನೂನೇ ಉಂಟು. ನನ್ನದು ದೇವರ ಫೋಟೋ ಪಕ್ಕ ಉಂಟು. ಹತ್ತು ಗ್ರಾಂ ಏಲಕ್ಕಿ ತಕೊಳ್ಳುವ ಅಜ್ಜಿಗೂ ಅದನ್ನು ನೋಡುವ ಹಕ್ಕುಂಟು, ನೋಡ್ತಾರೆ ಕೂಡ.

ಇದನ್ನೆಲ್ಲ ಯಾಕೆ ಬರೀತಿದ್ದೇನೆ ಅಂದ್ರೆ, ಹೋದ ತಿಂಗಳು ನನ್ನ ಫೋನಿಗೆ ಒಂದು ಚಲನ್ ಬಂತು. ಸ್ಪೀಡ್ ಜಾಸ್ತಿ, 71 ಕಿಲೋಮೀಟರ್, ಫೈನು 1500 ರೂಪಾಯಿ. ಯಾವ ರಸ್ತೆ, ವೇಗ ಅಳೆಯುವ ಮೆಷಿನ್ ಇಟ್ಟುಕೊಂಡದ್ದು ಯಾರ ಜೀಪು ಅಂತ ನಾನು ಹೇಳೋದಿಲ್ಲ, ಒಬ್ಬರ ಮೇಲೆ ಹೊರಿಸ್ಲಿಕ್ಕೆ ಬರೆಯೋದಲ್ಲ ಇದು. ನನ್ನ ಸ್ಕೂಟರಿಗೆ ಹನ್ನೊಂದು ವರ್ಷ ಆಯ್ತು. ಆ ದಿನ ಮುಂದೆ ಒಂದು ಗೋಣಿ ಅಡಿಕೆ ಇತ್ತು, ಜಾಗ ಏರು. ಆ ಏರಿನಲ್ಲಿ ಆ ಗೋಣಿ ಇಟ್ಟುಕೊಂಡು ಆ ಸ್ಕೂಟರ್ 71ಕ್ಕೆ ಹೋದ್ರೆ ನಾನೇ ಹೂ ಹಾಕಿ ಅದಕ್ಕೆ ಕೈ ಮುಗೀತೇನೆ.

ಮಗಳು ಲಿಂಕ್ ಒತ್ತಿ ಫೋಟೋ ತೆಗೆದು ತೋರಿಸಿದಳು. ಮಧ್ಯದಲ್ಲಿ ನಾನು, ಹೆಲ್ಮೆಟ್ ಉಂಟು, ಗೋಣಿ ಉಂಟು. ನನ್ನ ಬಲಗಡೆ, ಫೋಟೋದ ಅಂಚಿನಲ್ಲಿ, ಒಂದು ಪಿಕಪ್ಪಿನ ಅರ್ಧ ಮುಖ. ಆಗ ನೆನಪಾಯ್ತು, ಆ ಪಿಕಪ್ ಹಾರ್ನ್ ಹೊಡ್ಕೊಂಡು ನನ್ನನ್ನು ಓವರ್‌ಟೇಕ್ ಮಾಡಿ ಹೋದದ್ದು, ನಾನು ಬಾಯಿಗೆ ಬಂದದ್ದು ಹೇಳಿದ್ದು. 71 ಅವನದ್ದಾ ನನ್ನದ್ದಾ? ನನಗೆ ಗೊತ್ತಿಲ್ಲ. ಆ ಮೆಷಿನಿಗೆ ಗೊತ್ತುಂಟಾ ಅನ್ನೋದೇ ನನ್ನ ಪ್ರಶ್ನೆ.

ಫೈನು ಕಟ್ಟಿದೆ. ಕೋರ್ಟಿಗೆ ಹೋದ್ರೆ ಒಂದು ದಿನದ ವ್ಯಾಪಾರ, ವಕೀಲರ ಫೀಸು, ಬಸ್ಸಿನ ಖರ್ಚು ಎಲ್ಲ ಲೆಕ್ಕ ಹಾಕಿದ್ರೆ ತಪ್ಪು ಒಪ್ಪಿಕೊಳ್ಳೋದೇ ಅಗ್ಗ. ನನ್ನ ಹಾಗೆ ಲೆಕ್ಕ ಹಾಕಿ ಸುಮ್ಮನೆ ಕಟ್ಟಿದವರು ನಮ್ಮ ಊರಲ್ಲೇ ಸುಮಾರು ಜನ ಇದ್ದಾರೆ.

ಹಾಗಂತ ನಾನು ಸ್ಪೀಡ್ ಚೆಕಿಂಗ್ ಬೇಡ ಅನ್ನುವವನಲ್ಲ, ದಯವಿಟ್ಟು ಹಾಗೆ ಓದ್ಬೇಡಿ. ಹೆದ್ದಾರಿ 66 ಆರು ಲೇನ್ ಆದ ಮೇಲೆ ತಲಪಾಡಿಯಿಂದ ಚೆಂಗಳದವರೆಗೆ ವಾಹನ ಹೋಗುವ ವೇಗ ನೋಡಿದ್ರೆ ಹೊಟ್ಟೆ ತೊಳೆಸ್ತದೆ, ಉಪ್ಪಳ, ಕುಂಬಳೆ ಹತ್ರ ಸರ್ವಿಸ್ ರೋಡಿನಲ್ಲಿ ಶಾಲೆ ಮಕ್ಕಳು ನಡೆಯೋದು ನೋಡಿದ್ರೆ ಇನ್ನೂ. ನಮ್ಮ ಚೆರ್ಕಳ ಕಲ್ಲಡ್ಕ ರಸ್ತೆಯ ತಿರುವುಗಳಲ್ಲಿ ಬೈಕಿನ ಹುಡುಗರು ಮಲಗಿಸಿಕೊಂಡು ಹೋಗ್ತಾರೆ. ಹಿಡೀಬೇಕು, ಫೈನು ಹಾಕ್ಬೇಕು. ಆದ್ರೆ ಹಿಡಿಯುವ ಮೆಷಿನನ್ನು ಹಿಡಿಯುವವರು ಯಾರು ಸ್ವಾಮಿ?

ವಾಹನದ ವೇಗ ಅಳೆಯುವ ಈ ರಾಡಾರ್ ಗನ್ ಅಂದ್ರೆ ಎಂತ ಅಂತ ಈ ಗಲಾಟೆಯ ಮೇಲೆ ನಾನು ಸ್ವಲ್ಪ ಓದಿದೆ, ಮಗಳು ಫಿಸಿಕ್ಸ್ ಓದುವುದರಿಂದ ಅವಳೇ ಅರ್ಥ ಮಾಡಿಸಿದ್ದು. ಗನ್ನಿನಿಂದ ಒಂದು ಅಲೆ ಹೋಗ್ತದೆ, ವಾಹನಕ್ಕೆ ಬಡಿದು ವಾಪಸ್ ಬರ್ತದೆ, ವಾಹನ ಓಡ್ತಾ ಇದ್ರೆ ವಾಪಸ್ ಬರುವ ಅಲೆಯ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಕಂಪನ ಅನ್ನೋದು, ಲೆಕ್ಕ ಹರ್ಟ್ಸಿನಲ್ಲಿ) ಸ್ವಲ್ಪ ಬದಲಾಗಿರ್ತದೆ, ಆಂಬುಲೆನ್ಸ್ ಹತ್ರ ಬರುವಾಗ ಸೈರನ್ ಒಂದು ಸ್ವರ, ದಾಟಿ ಹೋದ ಮೇಲೆ ಇನ್ನೊಂದು ಸ್ವರ ಕೇಳ್ತದಲ್ಲ, ಅದೇ. 24 ಗಿಗಾಹರ್ಟ್ಸಿನ, ಅಂದ್ರೆ 2400 ಕೋಟಿ ಹರ್ಟ್ಸಿನ ಗನ್ ಆದ್ರೆ, 60ರಲ್ಲಿ ಬರುವ ಗಾಡಿಗೆ ಆಗುವ ವ್ಯತ್ಯಾಸ ಸುಮಾರು 2700 ಹರ್ಟ್ಸ್ ಮಾತ್ರ. ಅದನ್ನು ಹಿಡಿದು ವೇಗ ಹೇಳೋದು. ಇದರಲ್ಲಿ ಮೋಸ ಏನಿಲ್ಲ, ಒಳ್ಳೆ ವಿಜ್ಞಾನವೇ.

ತೊಂದರೆ ಇರೋದು ಬೇರೆ ಕಡೆ. ಆ ಅಲೆ ನೂಲಿನ ಹಾಗೆ ನೇರ ಹೋಗೋದಿಲ್ಲ, ಟಾರ್ಚಿನ ಬೆಳಕಿನ ಹಾಗೆ ಹರಡ್ತಾ ಹೋಗ್ತದೆ, ದೂರ ಹೋದಷ್ಟು ಅಗಲ. ಆ ಬೆಳಕಿನೊಳಗೆ ಇರುವುದೆಲ್ಲ ವಾಪಸ್ ಕಳಿಸ್ತದೆ. ಒಂದು ಸಪೂರ ಸ್ಕೂಟರ್, ಅದರ ಪಕ್ಕ ಅಗಲ ಮುಖದ ಕಬ್ಬಿಣದ ಪಿಕಪ್, ಯಾರದ್ದು ಜೋರಾಗಿ ವಾಪಸ್ ಬರ್ತದೆ ನೀವೇ ಹೇಳಿ. ಹೊಸ ಮೆಷಿನುಗಳಲ್ಲಿ ಲೇನ್ ಬೇರೆ ಮಾಡಿ ನೋಡುವ ವ್ಯವಸ್ಥೆ ಉಂಟಂತೆ, ಹಳೆಯದರಲ್ಲಿ ಹಿಡಿದವರ ಕಣ್ಣೇ ಆಧಾರ. ಇನ್ನೊಂದು ಸಂಗತಿ, ಇದು ನಮ್ಮ ಪರ, ಆದ್ರೂ ಹೇಳದೆ ಇರೋದು ಸರಿಯಲ್ಲ: ರಸ್ತೆ ಬದಿಯಲ್ಲಿ ಓರೆಯಾಗಿ ನಿಂತು ಹಿಡಿದ್ರೆ ರಾಡಾರ್ ವೇಗವನ್ನು ಕಮ್ಮಿಯೇ ತೋರಿಸ್ತದೆ, 20 ಡಿಗ್ರಿ ಓರೆ ಇದ್ರೆ 60ರವನು 56 ಅಂತ ಕಾಣ್ತಾನೆ. ಅಂದ್ರೆ ಮೆಷಿನ್ ಯಾವಾಗಲೂ ನಮ್ಮ ವಿರುದ್ಧ ಅಂತ ಅಲ್ಲ. ಅದೇ ಜೀಪು ಓಡ್ತಾ ಓಡ್ತಾ ಅಳೆಯೋದಾದ್ರೆ ಕಥೆ ಬೇರೆ, ಅಲ್ಲಿ ಜೀಪಿನ ಸ್ವಂತ ವೇಗವನ್ನು ಸರಿಯಾಗಿ ಲೆಕ್ಕದಿಂದ ತೆಗೀಬೇಕು, ಅಲ್ಲಿ ತಪ್ಪಿದ್ರೆ ಎಲ್ಲ ತಪ್ಪಿತು.

1979ರಲ್ಲಿ ಅಮೆರಿಕದ ಮಯಾಮಿಯಲ್ಲಿ ಟಿವಿಯವರು ಪೊಲೀಸರ ರಾಡಾರನ್ನು ಒಂದು ತಾಳೆ ಜಾತಿಯ ಮರಕ್ಕೆ ಹಿಡಿದು ತೋರಿಸಿದ್ರು, ಮರ ಗಂಟೆಗೆ 86 ಮೈಲು ಓಡ್ತಾ ಇತ್ತು! ನಮ್ಮ ಲೆಕ್ಕದಲ್ಲಿ ಸುಮಾರು 138 ಕಿಲೋಮೀಟರ್. ಒಂದು ಮನೆ 28 ಮೈಲು. ಅಲ್ಲಿನ ಜಡ್ಜ್ ತಜ್ಞರನ್ನೆಲ್ಲ ಕರೆಸಿ ಕೇಳಿ ಸುಮಾರು 80 ಸ್ಪೀಡ್ ಕೇಸು ಹೊರಗೆ ಹಾಕಿದ್ರು. ಅದು ನಲ್ವತ್ತೈದು ವರ್ಷಕ್ಕೂ ಹಿಂದಿನ ಮಾತು, ಈಗಿನ ಮೆಷಿನ್ ಎಷ್ಟೋ ವಾಸಿ, ಒಪ್ಪಿದೆ. ಆದ್ರೂ ನಮ್ಮ ಕಾಸರಗೋಡಿನಲ್ಲಿ ತೆಂಗಿನಮರಕ್ಕೆ ಬರಗಾಲವಿಲ್ಲ, ಅದಕ್ಕೆ ನೆನಪಿಸಿದೆ ಅಷ್ಟೆ.

ನನ್ನ ಅಕ್ಕನ ಮಗ ಅದೇ ದೇಶದ ಪೆನ್ಸಿಲ್ವೇನಿಯಾ ಅನ್ನುವ ರಾಜ್ಯದಲ್ಲಿ ಇದ್ದಾನೆ. ಅಲ್ಲಿ ಊರಿನ ಪೊಲೀಸರಿಗೆ ರಾಡಾರ್ ಹಿಡಿಯಲಿಕ್ಕೆ ದಶಕಗಟ್ಟಲೆ ಅನುಮತಿಯೇ ಇರಲಿಲ್ಲ, ರಾಜ್ಯದ ಪೊಲೀಸರಿಗೆ ಮಾತ್ರ. ಊರಿನವರಿಗೆ ಕೊಟ್ರೆ ಸುರಕ್ಷೆಗಿಂತ ಜಾಸ್ತಿ ಕಲೆಕ್ಷನ್ನಿಗೆ ಬಳಸ್ತಾರೆ ಅಂತ ಜನರಿಗೆ ಸಂಶಯ. ಕೊಡಿ ಅಂತ ಮಸೂದೆ ಬರ್ತದೆ, ಬೀಳ್ತದೆ, ಮತ್ತೆ ಬರ್ತದೆ. ನನಗೆ ಅಷ್ಟು ಸಂಶಯ ಇಲ್ಲ. ನಮ್ಮಲ್ಲಿ ಹಿಡೀಲಿ, ಆದ್ರೆ ಬರೆದಿಟ್ಟ ನಿಯಮದ ಹಾಗೆ ಹಿಡೀಲಿ.

ನಿಯಮ ಇಲ್ಲವಾ ಅಂದ್ರೆ ಉಂಟು, ಮಜಾ ಇರೋದೇ ಅಲ್ಲಿ. 2021 ಆಗಸ್ಟಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ 167ಎ ಅಂತ ಸೇರಿಸಿದ್ರು. ಅದರಲ್ಲಿ ಸ್ಪೀಡ್ ಕ್ಯಾಮರಾ, ಸ್ಪೀಡ್ ಗನ್, ಪೊಲೀಸರ ಮೈಮೇಲಿನ ಕ್ಯಾಮರಾ ಎಲ್ಲ ಬರ್ತದೆ. ಮೆಷಿನಿಗೆ ಅಪ್ರೂವಲ್ ಸರ್ಟಿಫಿಕೇಟ್ ಬೇಕು, ವರ್ಷ ವರ್ಷ ರಿನ್ಯೂ ಆಗ್ಬೇಕು. ಅಂಥ ಜಾಗಕ್ಕೆ ಮೊದಲೇ ಎಚ್ಚರಿಕೆ ಬೋರ್ಡು ಎದ್ದು ಕಾಣುವ ಹಾಗೆ ಇರ್ಬೇಕು. ನೋಟಿಸ್ 15 ದಿನದ ಒಳಗೆ ಕಳಿಸ್ಬೇಕು ಅಂತ ಆಗ ಬರೆದಿದ್ದಾರೆ, ಅದರಲ್ಲಿ ಸ್ಪಷ್ಟ ಫೋಟೋ, ಮೆಷಿನ್ ಅಳೆದ ಲೆಕ್ಕ, ತಾರೀಕು, ಟೈಮು, ಜಾಗ, ಜೊತೆಗೆ ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಕಾನೂನು ಕೇಳುವ ಸರ್ಟಿಫಿಕೇಟ್. ಇಷ್ಟೆಲ್ಲ ಇದ್ದು ನನಗೆ ಬಂದದ್ದು ಒಂದು ಸಂಖ್ಯೆ, ಒಂದು ಫೋಟೋ. ಬೋರ್ಡು ನಾನು ಆಮೇಲೆ ಹೋಗಿ ಹುಡುಕಿದೆ, ಎರಡು ಕಡೆಯಿಂದಲೂ. ಒಂದು ಟ್ಯೂಷನ್ ಸೆಂಟರಿನ ಬೋರ್ಡು, ಒಂದು ನೇಮೋತ್ಸವದ ಫ್ಲೆಕ್ಸು ಸಿಕ್ಕಿತು.

ಅದಕ್ಕಿಂತ ಹೊಸತು, ನನ್ನಂಥ ತಕ್ಕಡಿಯವರಿಗೆ ಹೊಟ್ಟೆ ತಂಪಾದ ಸುದ್ದಿ ಅಂದ್ರೆ, 2025ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಲೀಗಲ್ ಮೆಟ್ರಾಲಜಿ ನಿಯಮದ ಒಳಗೆ ವಾಹನದ ವೇಗ ಅಳೆಯುವ ರಾಡಾರನ್ನೂ ತಂದಿತು. ಜುಲೈ 1ರಿಂದ ಜಾರಿ. ರಾಡಾರನ್ನು ರಸ್ತೆಗೆ ತರುವ ಮೊದಲು ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಿರ್ಬೇಕು. ಅಂದ್ರೆ ನನ್ನ ತಕ್ಕಡಿ, ಪೆಟ್ರೋಲ್ ಬಂಕಿನ ಪಂಪು, ಆಟೋದ ಮೀಟರು, ಪೊಲೀಸರ ರಾಡಾರ್ ಎಲ್ಲ ಒಂದೇ ಸಾಲಿನಲ್ಲಿ! ಓದಿದ ದಿನ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ಬಂದ ಗಿರಾಕಿಗೆಲ್ಲ ಹೇಳಿದೆ. ಒಬ್ಬರು ಕೇಳಿದ್ರು, ಹಾಗಾದ್ರೆ ಅವರ ಸರ್ಟಿಫಿಕೇಟ್ ಎಲ್ಲಿ ತೂಗು ಹಾಕ್ತಾರೆ ಅಂತ. ಅದೇ ನನ್ನ ಪ್ರಶ್ನೆ ಕೂಡ.

ಹಾಗಾಗಿ ಸಂಬಂಧಪಟ್ಟವರಲ್ಲಿ ಕೇಳೋದು ದೊಡ್ಡದೇನಲ್ಲ. ಚಲನಿನಲ್ಲಿ ಮೆಷಿನಿನ ನಂಬರ್ ಬರೀರಿ, ಅದಕ್ಕೆ ಕಡೆಯ ಸಲ ಮುದ್ರೆ ಬಿದ್ದ ತಾರೀಕು ಬರೀರಿ. ರಾಡಾರಾ, ಲೇಸರಾ ಅಂತಲೂ ಬರೀರಿ, ಜನ ಎಲ್ಲದಕ್ಕೂ ರಾಡಾರ್ ಅಂತಾರೆ, ಆದ್ರೆ ಲೇಸರಿನ ಗೆರೆ ಸಪೂರ, ಅದು ಒಂದೇ ಗಾಡಿಯನ್ನು ಹಿಡೀತದೆ, ಅಳೆಯುವ ಕ್ರಮವೇ ಬೇರೆ, ಹಾಗಾಗಿ ತಪ್ಪುವ ಬಗೆಯೂ ಬೇರೆ. ಫೋಟೋದಲ್ಲಿ ಎರಡು ವಾಹನ ಒಟ್ಟಿಗೆ ಬಿದ್ದಿದ್ರೆ ಆ ಕೇಸು ಬಿಟ್ಟುಬಿಡಿ, ಒಂದು ಕೇಸು ಹೋದ್ರೆ ಸರಕಾರ ಮುಳುಗೋದಿಲ್ಲ. ಸ್ಥಳದಲ್ಲೇ ನಿಲ್ಲಿಸಿದಾಗ ವಾಹನದವರು ಕೇಳಿದ್ರೆ ಮುದ್ರೆ ತೋರಿಸಿ. ನಾನು ಹತ್ತು ಗ್ರಾಂ ಏಲಕ್ಕಿಗೆ ತೋರಿಸ್ತೇನೆ, 1500 ರೂಪಾಯಿಗೆ ನೀವು ತೋರಿಸ್ಲಿಕ್ಕೆ ಎಂತ ಕಷ್ಟ?

ಇನ್ನೊಂದು ಮಾತು ಲಿಮಿಟಿನ ಬಗ್ಗೆ. ಕೇರಳದಲ್ಲಿ 2023 ಜುಲೈ 1ರಿಂದ ಹೊಸ ಸ್ಪೀಡ್ ಲಿಮಿಟ್ ಬಂತು, ದ್ವಿಚಕ್ರದ ಮೇಲ್ಮಿತಿ 70ರಿಂದ 60ಕ್ಕೆ ಇಳೀತು. ಕಾರಿಗೆ ಆರು ಲೇನಿನ ಹೆದ್ದಾರಿಯಲ್ಲಿ 110, ರಾಜ್ಯ ಹೆದ್ದಾರಿ ಮತ್ತು ಮೇಜರ್ ಡಿಸ್ಟ್ರಿಕ್ಟ್ ರೋಡಿನಲ್ಲಿ 80, ಬೇರೆ ರಸ್ತೆಯಲ್ಲಿ 70, ಪೇಟೆಯೊಳಗೆ 50. ಕಾಗದದಲ್ಲಿ ಚಂದ ಉಂಟು. ಆದ್ರೆ ಬದಿಯಡ್ಕದಿಂದ ಮುಳ್ಳೇರಿಯಕ್ಕೆ ಹೋಗುವವನಿಗೆ ತಾನು ಇರೋದು ಯಾವ ಜಾತಿಯ ರಸ್ತೆ ಅಂತ ಹೇಗೆ ಗೊತ್ತಾಗ್ಬೇಕು, ರಸ್ತೆ ಏನು ಹಣೆ ಮೇಲೆ ಬರ್ಕೊಂಡಿರ್ತದಾ? ಬೋರ್ಡು ಹಾಕಿ. ಹಾಕಿದ ಮೇಲೆ ಕಾಡುಬಳ್ಳಿ ಹತ್ತಿ ಮುಚ್ಚಿ ಹೋಗದ ಹಾಗೆ ಮಳೆಗಾಲ ಕಳೆದ ಮೇಲೆ ಒಮ್ಮೆ ಕತ್ತಿ ಹಿಡ್ಕೊಂಡು ಬನ್ನಿ.

ಆ ಬೋರ್ಡು ಕನ್ನಡದಲ್ಲೂ ಇರ್ಲಿ. ಇದು ಭಿಕ್ಷೆ ಕೇಳೋದಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದ ಜೊತೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡ್ಬಹುದು, ಉತ್ತರವೂ ಕನ್ನಡದಲ್ಲೇ ಬರ್ಬೇಕು ಅಂತ ಆಗಲೇ ಬರೆದಿದ್ದಾರೆ. ನನ್ನ ಚಲನ್ ಇಂಗ್ಲಿಷಿನಲ್ಲಿ ಬಂತು, ಮಗಳು ಇದ್ದದ್ದಕ್ಕೆ ಆಯ್ತು. ನೆರೆಮನೆಯ ಆಟೋದವರಿಗೆ ಬಂದದ್ದನ್ನು ಅವರು ಬ್ಯಾಂಕಿನ ಮೆಸೇಜ್ ಅಂತ ಎಣಿಸಿ ಎರಡು ತಿಂಗಳು ಇಟ್ಟುಕೊಂಡಿದ್ರು. ಫೈನು ಕನ್ನಡಿಗನಿಂದ ತಕೊಳ್ಳುವಾಗ ಯಾಕೆ ಅಂತ ಕನ್ನಡದಲ್ಲಿ ಹೇಳಿದ್ರೆ ಆಗದಾ?

ನನ್ನ ತಕ್ಕಡಿಯ ಅವಧಿ ಬರುವ ತಿಂಗಳು ಮುಗೀತದೆ, ಮತ್ತೆ ಗೋಣಿಯಲ್ಲಿ ಸುತ್ತಿ ಕ್ಯಾಂಪಿಗೆ ಹೋಗ್ಬೇಕು. ಅದೇ ಸ್ಕೂಟರ್, ಅದೇ ಏರು. ಈ ಸಲ ಹಿಂದಿನಿಂದ ಪಿಕಪ್ ಬಂದ್ರೆ ಬದಿಗೆ ನಿಲ್ಲಿಸಿ, ಅದು ದಾಟಿ ಪೂರ್ತಿ ಕಣ್ಣಿಗೆ ಕಾಣದಷ್ಟು ದೂರ ಹೋದ ಮೇಲೆ ಹೊರಡುವ ಅಂತ ಮಾಡಿದ್ದೇನೆ.

ಇತಿ,
ಒಬ್ಬ ಅಂಗಡಿಯವ, ಪೆರ್ಲ, ಕಾಸರಗೋಡು