ಇಸಬಗೋಲಿನ ಡಬ್ಬಿಯ ಜೊತೆ ಚೀಟಿಯೂ ಇರಲಿ

ಮಾನ್ಯರೇ,

ಮಲಬದ್ಧತೆಗೆಂದು ಮನೆಯಲ್ಲಿಟ್ಟುಕೊಳ್ಳುತ್ತಿದ್ದ ಇಸಬಗೋಲನ್ನು ಈಗ ಕೊಲೆಸ್ಟ್ರಾಲ್ ಇಳಿಸಲೆಂದೂ ಕೊಳ್ಳುತ್ತಿದ್ದಾರೆ. ಮಾತು ಸುಳ್ಳಲ್ಲ. ಆದರೆ ಅಂಗಡಿಯವರು ಡಬ್ಬಿ ಕೊಡುತ್ತಾರೆಯೇ ಹೊರತು ಕುಡಿಯುವ ಬಗೆ ಹೇಳುವುದು ಅಪರೂಪ.

ಯಕೃತ್ತು ಕೊಲೆಸ್ಟ್ರಾಲ್‌ನಿಂದಲೇ ಪಿತ್ತಾಮ್ಲ ತಯಾರಿಸುತ್ತದೆ. ಎಣ್ಣೆ, ತುಪ್ಪ ಜೀರ್ಣಿಸಲು ನೆರವಾದ ಮೇಲೆ ಅದರಲ್ಲಿ ಶೇ 95ರಷ್ಟು ಸಣ್ಣ ಕರುಳಿನ ಕೊನೆಯಲ್ಲಿ ಹೀರಿಕೊಂಡು ಮರಳಿ ಯಕೃತ್ತಿಗೆ ಸೇರುತ್ತದೆ. ಇಸಬಗೋಲಿನ ಲೋಳೆ ಅದರಲ್ಲೊಂದಿಷ್ಟನ್ನು ಹಿಡಿದು ಮಲದೊಂದಿಗೆ ಹೊರಹಾಕುತ್ತದೆ. ಆ ಕೊರತೆ ತುಂಬಲು ಯಕೃತ್ತು ರಕ್ತದಲ್ಲಿನ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟ್ರಾಲ್, ಎಳೆದುಕೊಳ್ಳುತ್ತದೆ. ದಿನಕ್ಕೆ ಸುಮಾರು 10 ಗ್ರಾಂ, ಅಂದರೆ ಎರಡು ದೊಡ್ಡ ಚಮಚ, ವಾರಗಟ್ಟಲೆ ತಪ್ಪದೆ ತೆಗೆದುಕೊಂಡರೆ ಎಲ್‌ಡಿಎಲ್ ಶೇ 5ರಿಂದ 10ರಷ್ಟು ಇಳಿಯಬಹುದು. ಕೊಲೆಸ್ಟ್ರಾಲ್ ಇಳಿಸಲೆಂದು ವೈದ್ಯರು ಬರೆದುಕೊಟ್ಟ ಸ್ಟ್ಯಾಟಿನ್ ಗುಳಿಗೆ ಬಿಡುವಷ್ಟಲ್ಲ!

ದಿನಾ ರೊಟ್ಟಿ ತಿನ್ನುವ ನಮಗೇಕೆ ಇದು ಎನ್ನುವವರಿದ್ದಾರೆ. ಜೋಳದ ನಾರು ಬಹುಪಾಲು ಕರಗದ ನಾರು. ಮಲಕ್ಕೆ ಗಾತ್ರ ಕೊಡುತ್ತದೆ, ಲೋಳೆ ಕಟ್ಟುವುದಿಲ್ಲ.

ಮೊದಲ ವಾರ ದಿನಕ್ಕೆ ಒಂದೇ ಸಣ್ಣ ಚಮಚ ಸಾಕು. ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರ. 250 ಮಿ.ಲೀ. ನೀರಿಗೆ ಹಾಕಿ ಕಲಕಿ, ಗಟ್ಟಿಯಾಗುವ ಮೊದಲೇ ಕುಡಿದು, ಮೇಲೊಂದು ಲೋಟ ನೀರು ಕುಡಿಯಬೇಕು. ಒಣಪುಡಿ ಬಾಯಿಗೆ ಹಾಕಿಕೊಂಡು ಎರಡು ಗುಟುಕು ನೀರು ಕುಡಿದರೆ ಅದು ಗಂಟಲಲ್ಲೋ ಅನ್ನನಾಳದಲ್ಲೋ ಉಬ್ಬಿ ಸಿಕ್ಕಿಕೊಳ್ಳಬಹುದು. ನುಂಗಲು ತೊಂದರೆ ಇರುವವರು ಮುಟ್ಟಲೇಬಾರದು. ಕುಡಿದ ಕೂಡಲೇ ಮಲಗುವ ರೂಢಿಯೂ ಒಳ್ಳೆಯದಲ್ಲ. 42 ಡಿಗ್ರಿಯ ನಮ್ಮ ಬೇಸಿಗೆಯಲ್ಲಿ ಮೈಯ ನೀರೆಲ್ಲ ಬೆವರಿಗೇ ಹೋದರೆ ಮಲಬದ್ಧತೆಗೆ ಕುಡಿದದ್ದೇ ಮಲಬದ್ಧತೆ ತರುತ್ತದೆ. ಲೋಳೆಗೆ ಔಷಧವೂ ಅಂಟುತ್ತದೆ, ಹೀಗಾಗಿ ಬೇರೆ ಗುಳಿಗೆಗಳಿಗೆ 2 ಗಂಟೆ, ಥೈರಾಯ್ಡ್ ಗುಳಿಗೆಗೆ 4 ಗಂಟೆ ಅಂತರ ಬೇಕು.

ಪಿತ್ತಕೋಶ ತೆಗೆಸಿಕೊಂಡ ಕೆಲವರಿಗೆ ಊಟವಾಗುತ್ತಲೇ ಭೇದಿಯಾಗುತ್ತದೆ. ಪಿತ್ತಾಮ್ಲ ದೊಡ್ಡ ಕರುಳಿಗೆ ಹೆಚ್ಚಾಗಿ ಇಳಿದು ಅಲ್ಲಿ ನೀರು ತುಂಬಿಸುವುದು ಅದಕ್ಕೊಂದು ಕಾರಣ. ಅವರಿಗೂ ಇದೇ ಲೋಳೆ ಮಲ ಕಟ್ಟಲು ನೆರವಾಗುತ್ತದೆ; ವೈದ್ಯರನ್ನು ಕೇಳಿ ಶುರು ಮಾಡುವುದು ಮೇಲು.

ಇನ್ನು ‘ಲಿವರ್ ಡಿಟಾಕ್ಸ್’ ಹೆಸರಿನ ಕ್ಯಾಪ್ಸೂಲ್‌ಗಳು. ಬೇಳೆಗೆ ಹಾಕುವ ಚಿಟಿಕೆ ಅರಿಶಿನ ಬೇರೆ, ಕರಿಮೆಣಸಿನ ಸತ್ವ ಬೆರೆಸಿದ ಅರಿಶಿನದ ಕ್ಯಾಪ್ಸೂಲ್ ಬೇರೆ. ಅದು ಪಿತ್ತಕೋಶವನ್ನು ಹಿಂಡುತ್ತದೆ. ಒಳಗೆ ಕಲ್ಲಿದ್ದು ನಾಳಕ್ಕೆ ಜಾರಿದರೆ ಹೊಟ್ಟೆನೋವು, ಕಾಮಾಲೆ. ಇಂಥವುಗಳಿಂದ, ಗ್ರೀನ್ ಟೀ ಸತ್ವದ ಗುಳಿಗೆಗಳಿಂದ, ಯಕೃತ್ತಿಗೇ ಪೆಟ್ಟು ಬಿದ್ದ ಉದಾಹರಣೆಗಳಿವೆ.

ಔಷಧ ಅಂಗಡಿಯವರು ಇಸಬಗೋಲಿನ ಡಬ್ಬಿಗೆ ಕನ್ನಡದಲ್ಲೂ ಉರ್ದುವಿನಲ್ಲೂ ಒಂದು ಚೀಟಿ ಅಂಟಿಸಲಿ: ಎರಡು ಲೋಟ ನೀರು, ಗುಳಿಗೆಗೆ ಎರಡು ಗಂಟೆ, ಥೈರಾಯ್ಡ್‌ಗೆ ನಾಲ್ಕು.

— ಆಹಾರ ತಜ್ಞರು, ಕಲಬುರಗಿ