ಒಂಟಿ ಬೈಕ್ ಪ್ರಯಾಣ: ಚೈನು, ಬ್ರೇಕು ಮರೆಯದಿರಿ

ಮಾನ್ಯ ಸಂಪಾದಕರೇ,

ಮಳೆ ಬಿಟ್ಟಿತೆಂದರೆ ಕಾಸರಗೋಡು, ಕುಂಬಳೆ, ಮಂಜೇಶ್ವರದ ಯುವಕರು ಬೈಕಿನಲ್ಲಿ ಒಬ್ಬರೇ ದೂರದೂರಿಗೆ ಹೊರಡುತ್ತಾರೆ. ರಾಷ್ಟ್ರೀಯ ಹೆದ್ದಾರಿ 66 ಹಿಡಿದರೆ ತೆಂಕಕ್ಕೆ ಕನ್ಯಾಕುಮಾರಿ, ಬಡಗಕ್ಕೆ ಪನ್ವೇಲ್. ಎಂಜಿನ್ ಆಯಿಲ್ ಎಲ್ಲರಿಗೂ ನೆನಪಿರುತ್ತದೆ, ಚೈನ್ ಮರೆತುಹೋಗುತ್ತದೆ.

ಹೆಚ್ಚಿನ ರಸ್ತೆ ಬೈಕುಗಳಲ್ಲಿ ಚೈನಿನ ಸಡಿಲ, ಅಂದರೆ ನಡುಭಾಗ ಮೇಲೆ ಕೆಳಗೆ ಆಡುವ ಅಳತೆ, 20ರಿಂದ 30 ಮಿ.ಮೀ. ಇರುತ್ತದೆ, ನಿಮ್ಮದರ ಅಳತೆಯನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಚಕ್ರ ತಿರುಗಿಸುತ್ತ, ಚೈನ್ ಅತಿ ಬಿಗಿಯಾಗುವ ಜಾಗದಲ್ಲೇ ಅಳೆಯಬೇಕು. ಲಗೇಜು ಹೇರಿದಾಗ ಹಿಂದಿನ ಸಸ್ಪೆನ್ಷನ್ ತಗ್ಗಿ ಚೈನ್ ಇನ್ನಷ್ಟು ಬಿಗಿಯುತ್ತದೆ, ಬೇರಿಂಗ್ ಸವೆಯುತ್ತದೆ. ಸುಮಾರು 500 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದರೆ ಆ ಸಂಜೆಯೇ, ಚೈನ್ ಬೆಚ್ಚಗಿರುವಾಗ ಲ್ಯೂಬ್ (ಚೈನಿಗೆ ಹಾಕುವ ಜಾರೆಣ್ಣೆ) ಹಾಕಿ. ದಯವಿಟ್ಟು ಎಂಜಿನ್ ಓಡುತ್ತಿರುವಾಗ ಗೇರಿನಲ್ಲಿಟ್ಟು ಬಟ್ಟೆಯಿಂದ ಒರೆಸಬೇಡಿ, ಬೆರಳು ಹೋಗುತ್ತದೆ.

ಜಾಲ್ಸೂರು, ಸುಳ್ಯ ದಾಟಿ ಮಡಿಕೇರಿಗೆ ಹೋದವರು ಸಂಪಾಜೆ ಘಾಟಿ ಇಳಿಯುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲೇ ಇರಲಿ. ಬ್ರೇಕ್ ಒತ್ತಿಯೇ ಇಳಿದರೆ, ತೇವಾಂಶ ಹೀರಿದ ಹಳೆಯ ಬ್ರೇಕ್ ಆಯಿಲ್ ಕುದಿದು ಬ್ರೇಕ್ ಲಿವರ್ ಮೆತ್ತಗಾಗಿ ಬ್ರೇಕ್ ಹಿಡಿಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು.

ಟ್ಯೂಬ್‌ಲೆಸ್ ಟೈರಿಗೆ ಪಂಕ್ಚರ್ ಕಿಟ್, ಸಣ್ಣ ಪಂಪ್ ಸಾಕು. ಟ್ಯೂಬ್ ಟೈರಾದರೆ ಹೊಸ ಟ್ಯೂಬ್, ಟೈರ್ ಬಿಚ್ಚುವ ಎರಡು ಲಿವರ್, ಆಕ್ಸಲ್ ನಟ್ಟಿಗೆ ಸರಿಹೊಂದುವ ಸ್ಪ್ಯಾನರ್ ಬೇಕು. ಕ್ಲಚ್ ಕೇಬಲ್ ಒಂದು ಹೆಚ್ಚಿಗೆ ಇರಲಿ.

ರಾತ್ರಿ ತಂಗುವ ಊರಿನ ಹೆಸರು ಮನೆಯವರಿಗೆ ತಿಳಿದಿರಲಿ. ಕರ್ನಾಟಕದಲ್ಲಾಗಲಿ ಕೇರಳದಲ್ಲಾಗಲಿ ತುರ್ತಿಗೆ 112.

– ಓರ್ವ ಬೈಕ್ ಮೆಕ್ಯಾನಿಕ್, ಕುಂಬಳೆ